ಹಳೆಯ ಲಾರಿ ಹೊಗೆ ಪರೀಕ್ಷೆಯಲ್ಲಿ ಸೋತಾಗ

(ಲಾರಿ ಮಾಲೀಕರು, ಚಾಲಕರು, ಗ್ಯಾರೇಜಿನವರು ಹಾಗೂ ನಮ್ಮ ಬಳಗದ ಸದಸ್ಯರು ಒಟ್ಟಾಗಿ ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹರೂಪ)



ಸಾಮಾನ್ಯವಾಗಿ ಒಂದೇ ಸೂರಿನಡಿ ಕೂರದ ಎರಡು ಗುಂಪುಗಳು ಇಂದು ಇಲ್ಲಿ ಅಕ್ಕಪಕ್ಕದಲ್ಲಿ ಕುಳಿತಿವೆ. ಒಂದು ಗುಂಪಿನವರು ಘಟ್ಟದ ರಸ್ತೆಯಲ್ಲಿ ಕರಿಹೊಗೆ ಕಾರುವ ಲಾರಿಗಳನ್ನು ತಡೆಯಬೇಕೆಂದು ಅಧಿಕಾರಿಗಳಿಗೆ ಮನವಿ ಬರೆದವರು. ಇನ್ನೊಂದು ಗುಂಪಿನವರು ಅವೇ ಲಾರಿಗಳ ಬಾಡಿಗೆಯಿಂದ ಮನೆ ನಡೆಸುವವರು. ಇಬ್ಬರಿಗೂ ಸಂಬಂಧಪಟ್ಟ ಒಂದು ಕಾಗದವಿದೆ. ಅದು ಎಮಿಷನ್ ಟೆಸ್ಟಿನ ಚೀಟಿ. ಮೊದಲನೆಯವರಿಗೆ ಅದು ಅಪರಾಧದ ಸಾಕ್ಷ್ಯ, ಎರಡನೆಯವರಿಗೆ ಹೇಗಾದರೂ ದಾಟಬೇಕಾದ ಅಡ್ಡಗೋಲು. ನಾನು ಗ್ಯಾರೇಜಿನಲ್ಲಿ ಕೈ ಕರಿದು ಮಾಡಿಕೊಂಡವನಾದ್ದರಿಂದ ಅದನ್ನು ಬೇರೊಂದು ಬಗೆಯಲ್ಲಿ ನೋಡುತ್ತೇನೆ. ವೈದ್ಯರ ಮುಂದೆ ರಕ್ತಪರೀಕ್ಷೆಯ ವರದಿ ಇದ್ದಂತೆ, ಮೆಕ್ಯಾನಿಕ್‌ನ ಮುಂದೆ ಈ ಚೀಟಿ. ಅದನ್ನು ಓದಲು ಬಂದರೆ ರೋಗದ ಜಾಡು ಸಿಗುತ್ತದೆ. ಅದನ್ನು ಓದುವ ಬಗೆಯನ್ನೇ ಇಂದು ಹೇಳಬೇಕೆಂದಿದ್ದೇನೆ.

ಮೊದಲಿಗೆ ಕಾನೂನಿನ ಮಾತು, ಚುಟುಕಾಗಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮವು ರಸ್ತೆಯಲ್ಲಿ ಓಡುವ ವಾಹನಗಳ ಹೊಗೆಗೆ ಮಿತಿ ಹಾಕಿದೆ. ಬಿ.ಎಸ್.-4ಕ್ಕಿಂತ ಹಿಂದಿನ ಡೀಸೆಲ್ ವಾಹನಗಳಿಗೆ ಈ ಮಿತಿ 65 ಹಾರ್ಟ್‌ರಿಡ್ಜ್ ಮಾನ, ಬಿ.ಎಸ್.-4 ವಾಹನಗಳಿಗೆ 50. ಹಳೆಯ ವಾಹನಗಳ ಪ್ರಮಾಣಪತ್ರಕ್ಕೆ ಆರು ತಿಂಗಳ ಆಯುಷ್ಯ. ವಾಯುಮಾಲಿನ್ಯದ ಮಿತಿಯನ್ನು ಮೀರಿದರೆ ಹತ್ತು ಸಾವಿರ ರೂಪಾಯಿಯವರೆಗೆ ದಂಡ ವಿಧಿಸಲು 2019ರ ತಿದ್ದುಪಡಿಯಲ್ಲಿ ಅವಕಾಶವಾಗಿದೆ. ವಿಮೆ ನವೀಕರಿಸಲು ಈ ಪ್ರಮಾಣಪತ್ರ ಬೇಕೆಂದು ಸರ್ವೋಚ್ಚ ನ್ಯಾಯಾಲಯ 2017ರ ಆಗಸ್ಟಿನಲ್ಲಿ ಆದೇಶಿಸಿತ್ತು; ಆ ಷರತ್ತನ್ನು 2024ರಲ್ಲಿ ಕೈಬಿಟ್ಟಿತು. ಹೀಗಾಗಿ ಚೀಟಿ ಸಿಗದ ಲಾರಿ ಬಾಡಿಗೆಗೆ ಹೊರಡುವುದೇ ಕಷ್ಟ.

ಬಿ.ಎಸ್.-4 ಇಡೀ ದೇಶಕ್ಕೆ ಬಂದದ್ದು 2017ರ ಏಪ್ರಿಲಿನಲ್ಲಿ, ಬಿ.ಎಸ್.-6 ಬಂದದ್ದು 2020ರ ಏಪ್ರಿಲಿನಲ್ಲಿ. ನಾನು ‘ಹಳೆಯ ಲಾರಿ’ ಎನ್ನುವುದು ಅವಕ್ಕಿಂತ ಹಿಂದಿನ, ಯಾಂತ್ರಿಕ ಡೀಸೆಲ್ ಪಂಪಿನಿಂದ ನಡೆಯುವ ಲಾರಿಗಳನ್ನು. ಟಾಟಾ ಲಾರಿಗಳ 697 ಎಂಜಿನನ್ನು ಇಲ್ಲಿರುವ ಹಿರಿಯ ಚಾಲಕರೆಲ್ಲ ಬಲ್ಲರು. ಆರು ಸಿಲಿಂಡರು, 97 ಮಿಲಿಮೀಟರ್ ಬೋರು. ಹೆಸರಿನಲ್ಲಿಯೇ ಅದರ ಜಾತಕವಿದೆ. ಇಂತಹ ಎಂಜಿನಿನಲ್ಲಿ ಸೆನ್ಸರಿಲ್ಲ, ದೋಷವನ್ನು ಅಂಕಿಯಲ್ಲಿ ತೋರಿಸುವ ಕಂಪ್ಯೂಟರಿಲ್ಲ. ತನಗೇನಾಗಿದೆ ಎಂಬುದನ್ನು ಅದು ಹೊಗೆಯ ಮೂಲಕವೇ ಹೇಳಬೇಕು.

ಈಗ ಚೀಟಿಯ ಅಂಕಿಗೆ ಬರೋಣ. ನಿಮ್ಮ ಲಾರಿಯ ಚೀಟಿಯಲ್ಲಿ 82 ಎಂದು ಬಂದಿದೆ ಎಂದಿಟ್ಟುಕೊಳ್ಳಿ. 65ರ ಮಿತಿಗೆ ಹದಿನೇಳೇ ಹೆಚ್ಚು, ಹೇಗೋ ಹೊಂದಿಸಬಹುದು ಎಂದು ಮನಸ್ಸಿಗೆ ತೋರುತ್ತದೆ. ಆದರೆ ಈ ಮಾಪನ ನಡೆಯುವ ರೀತಿಯನ್ನು ಗಮನಿಸಬೇಕು. 43 ಸೆಂಟಿಮೀಟರ್ ಉದ್ದದ ಕೊಳವೆಯಲ್ಲಿ ಹೊಗೆ ತುಂಬಿ, ಒಂದು ತುದಿಯಿಂದ ಬೆಳಕು ಬಿಟ್ಟರೆ ಇನ್ನೊಂದು ತುದಿಗೆ ತಲುಪದೆ ಹೋದ ಬೆಳಕು ನೂರಕ್ಕೆ ಎಷ್ಟು ಎಂಬುದೇ ಹಾರ್ಟ್‌ರಿಡ್ಜ್ ಮಾನ. 65 ಎಂದರೆ ನೂರರಲ್ಲಿ 65 ಪಾಲು ಬೆಳಕು ಹೊಗೆಯಲ್ಲಿ ಅಡಗಿತು. ಹೊಗೆ ದಟ್ಟವಾದಂತೆ, ಉಳಿದ ಅಲ್ಪ ಬೆಳಕನ್ನೂ ನುಂಗಲು ಇನ್ನಷ್ಟು ಮಸಿ ಬೇಕಾಗುತ್ತದೆ. ಆದ್ದರಿಂದಲೇ ಚೀಟಿಯಲ್ಲಿ ಇನ್ನೊಂದು ಅಂಕಿ ಇರುತ್ತದೆ, ‘ಕೆ’ ಎಂಬ ಹೆಸರಿನದು. 65ಕ್ಕೆ ಸಮನಾದ ಕೆ ಬೆಲೆ 2.45. 82ಕ್ಕೆ ಅದು ಸುಮಾರು 4, ಅಂದರೆ ಮಿತಿಯ ಒಂದೂವರೆ ಪಟ್ಟಿಗೂ ಮಿಗಿಲು. 90ಕ್ಕೆ ಸುಮಾರು 5.35, ಇದು ಎರಡು ಪಟ್ಟನ್ನೂ ದಾಟಿತು. ಆದಕಾರಣ ಚೀಟಿ ಕೈಗೆ ಬಂದೊಡನೆ ಕೆ ಅಂಕಿಯನ್ನು ನೋಡುವ ರೂಢಿ ಮಾಡಿಕೊಳ್ಳಿ. ಮಿತಿಗಿಂತ ತುಸು ಮೇಲಿದ್ದರೆ ಸಣ್ಣ ಕೆಲಸದಲ್ಲಿ ಮುಗಿಯಬಹುದು. ಎರಡು ಪಟ್ಟಾಗಿದ್ದರೆ ಒಂದಕ್ಕಿಂತ ಹೆಚ್ಚು ಕಾರಣಗಳಿರುವ ಸಂಭವವೇ ಹೆಚ್ಚು.

ಆ ಅಂಕಿಯನ್ನು ನಂಬುವ ಮೊದಲು ಪರೀಕ್ಷೆ ಸರಿಯಾಗಿ ನಡೆಯಿತೇ ಎಂಬುದನ್ನೂ ಕೇಳಿಕೊಳ್ಳಬೇಕು. ಗೇರನ್ನು ನ್ಯೂಟ್ರಲ್‌ನಲ್ಲಿಟ್ಟು, ಆಕ್ಸಿಲರೇಟರನ್ನು ಬೇಗನೆ, ಆದರೆ ಒದೆಯದೆ, ಪೂರ್ತಿ ಒತ್ತಿ, ಎಂಜಿನು ತನ್ನ ಗರಿಷ್ಠ ವೇಗ ಮುಟ್ಟಿದ ಮೇಲೆ ಬಿಡುವುದು ಇದರ ಕ್ರಮ. ಮೊದಲ ಕೆಲವು ರೇಸುಗಳು ಸೈಲೆನ್ಸರಿನೊಳಗೆ ಕೂತ ಹಳೆಯ ಮಸಿಯನ್ನು ಹೊರದಬ್ಬುವುದಕ್ಕೆ, ಅವು ಲೆಕ್ಕಕ್ಕಿಲ್ಲ. ಅನಂತರದ ಸತತ ಓದುಗಳು ಒಂದಕ್ಕೊಂದು ಹತ್ತಿರ ಬಂದಾಗ ಅವುಗಳ ಸರಾಸರಿಯೇ ಫಲಿತಾಂಶ. ಎಂಜಿನು ಬಿಸಿಯಾಗಿರಬೇಕು, ಆಯಿಲ್ 60 ಡಿಗ್ರಿಯಾದರೂ ಮುಟ್ಟಿರಬೇಕು. ನಮ್ಮ ಕಡೆ ಮಳೆಗಾಲದ ಬೆಳಗಿನಲ್ಲಿ ಕೇಂದ್ರದ ಪಕ್ಕದ ಮನೆಯಿಂದಲೇ ಲಾರಿ ಹೊರಡಿಸಿ ಪರೀಕ್ಷೆಗೆ ಒಡ್ಡುವವರಿದ್ದಾರೆ. ತಣ್ಣನೆಯ ಸಿಲಿಂಡರಿನಲ್ಲಿ ಡೀಸೆಲ್ ಪೂರ್ತಿ ಉರಿಯುವುದಿಲ್ಲ. ಆ ಸೋಲು ಲಾರಿಯದಲ್ಲ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ, ಎಂಜಿನ್ ಆರುವ ಮೊದಲೇ ಪರೀಕ್ಷೆ ಮಾಡಿಸಿ. ಹಾಗೆ ಮಾಡಿಯೂ 82 ಬಂದರೆ ಅದು ನಿಜವಾದ 82.

ಮುಂದೆ ಹೊಗೆಯ ಬಣ್ಣ. ಯಂತ್ರ ಇದನ್ನು ನೋಡುವುದಿಲ್ಲ, ಕಣ್ಣು ನೋಡಬೇಕು. ಒಬ್ಬರು ರೇಸ್ ಕೊಡಲಿ, ಇನ್ನೊಬ್ಬರು ಬದಿಗೆ ನಿಂತು ನೋಡಲಿ. ಕಪ್ಪು ಹೊಗೆಯೆಂದರೆ ಒಳಗೆ ಹೋದ ಡೀಸೆಲಿಗೆ ಸಾಕಷ್ಟು ಗಾಳಿ ಸಿಗಲಿಲ್ಲ, ಇಲ್ಲವೇ ಡೀಸೆಲ್ ಗಾಳಿಯೊಡನೆ ಚೆನ್ನಾಗಿ ಬೆರೆಯಲಿಲ್ಲ. ನೀಲಿ ಛಾಯೆಯ ಹೊಗೆಯೆಂದರೆ ಎಂಜಿನ್ ಆಯಿಲ್ ಉರಿಯುತ್ತಿದೆ; ರಿಂಗ್, ಲೈನರ್, ವಾಲ್ವ್ ಗೈಡ್ ಅಥವಾ ಟರ್ಬೊ ಸೀಲಿನ ಕಡೆ ಅನುಮಾನ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆ ಕಣ್ಣು ಉರಿಸುವಂತಿದ್ದರೆ ಉರಿಯದ ಡೀಸೆಲಿನ ಆವಿ, ಅಂದರೆ ಟೈಮಿಂಗ್ ಹಿಂದೆ ಬಿದ್ದಿದೆ ಅಥವಾ ಕಂಪ್ರೆಷನ್ ಇಳಿದಿದೆ. ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಬೇಕು. ಪರೀಕ್ಷೆಯಲ್ಲಿ ಸೋಲುವ ಹಳೆಯ ಲಾರಿಗಳಲ್ಲಿ ಬಹುಪಾಲಿನದು ಕಪ್ಪು ಹೊಗೆಯೇ. ಆದ್ದರಿಂದ ಅದರ ಬೆನ್ನು ಹತ್ತೋಣ.

ಕ್ರಮ ಬಹಳ ಮುಖ್ಯ. ಅಗ್ಗದಿಂದ ತುಟ್ಟಿಗೆ, ಹೊರಗಿನಿಂದ ಒಳಕ್ಕೆ ಹೋಗಬೇಕು. ಮೊದಲೇ ಪಂಪಿಗೆ ಸ್ಪ್ಯಾನರ್ ಹಾಕುವ ಮೆಕ್ಯಾನಿಕ್‌ನ ಮೇಲೆ ನನಗೆ ನಂಬಿಕೆಯಿಲ್ಲ.

ಗಾಳಿಯಿಂದ ಆರಂಭಿಸೋಣ. ಒಂದು ಕಿಲೋ ಡೀಸೆಲ್ ಪೂರ್ತಿ ಉರಿಯಲು ಕನಿಷ್ಠ ಹದಿನಾಲ್ಕೂವರೆ ಕಿಲೋದಷ್ಟು ಗಾಳಿ ಬೇಕು. ಲೀಟರಿನ ಲೆಕ್ಕದಲ್ಲಿ ಹೇಳಿದರೆ, ಒಂದು ಲೀಟರ್ ಡೀಸೆಲಿಗೆ ಹತ್ತು ಸಾವಿರ ಲೀಟರಿನಷ್ಟು ಗಾಳಿ. ಹೊಗೆಯಿಲ್ಲದೆ ಉರಿಯಬೇಕಾದರೆ ಇನ್ನೂ ಧಾರಾಳವಾಗಿ ಬೇಕು. ಇಷ್ಟೂ ಗಾಳಿ ಒಂದು ಏರ್ ಫಿಲ್ಟರಿನ ಮೂಲಕವೇ ಬರಬೇಕು. ಬೇಸಿಗೆಯ ಕೆಂಪು ಧೂಳು, ಮಳೆಗಾಲದ ತೇವ ಎರಡೂ ಸೇರಿ ನಮ್ಮ ರಸ್ತೆಗಳಲ್ಲಿ ಕಾಗದದ ಫಿಲ್ಟರು ರೊಟ್ಟಿಯಂತೆ ಗಟ್ಟಿಯಾಗುತ್ತದೆ. ಅದನ್ನು ಟೈರಿಗೆ ಬಡಿದು, ಹೊರಗಿನಿಂದ ಗಾಳಿ ಹೊಡೆದು ಮತ್ತೆ ಹಾಕುವುದನ್ನು ಎಲ್ಲೆಡೆ ಕಾಣುತ್ತೇವೆ. ಬಡಿದರೆ ಮಡಿಕೆ ಬಿರಿಯುತ್ತದೆ. ಹೊರಗಿನಿಂದ ಗಾಳಿ ಹೊಡೆದರೆ ಧೂಳು ಇನ್ನೂ ಒಳಕ್ಕೆ ಇಳಿಯುತ್ತದೆ. ಮೆಲ್ಲನೆಯ ಗಾಳಿಯನ್ನು ಒಳಗಿನಿಂದ ಹೊರಕ್ಕೆ ಬಿಡಬೇಕು. ಅವಧಿ ಮುಗಿದಿದ್ದರೆ ಹೊಸದು ಹಾಕಬೇಕು. ಎಣ್ಣೆಬಟ್ಟಲಿನ ಹಳೆಯ ಫಿಲ್ಟರಾದರೆ ಕೆಸರಾದ ಎಣ್ಣೆ ಚೆಲ್ಲಿ, ಬಟ್ಟಲು ತೊಳೆದು, ಗುರುತಿನ ಮಟ್ಟಕ್ಕೆ ಎಣ್ಣೆ ತುಂಬಬೇಕು. ಫಿಲ್ಟರನ್ನೇ ತೆಗೆದಿಟ್ಟು ಪರೀಕ್ಷೆ ಪಾಸು ಮಾಡಿಸುವ ಜಾಣತನವೂ ಉಂಟು. ಹಾಗೆಯೇ ಓಡಿಸಿದರೆ ಆ ಧೂಳು ಲೈನರನ್ನು ಉಪ್ಪುಕಾಗದದಂತೆ ಉಜ್ಜುತ್ತದೆ; ಉಳಿಸಿದ ಫಿಲ್ಟರಿನ ಹಣ ಎಂಜಿನ್ ಕೆಲಸಕ್ಕೆ ಹತ್ತಾರು ಪಟ್ಟಾಗಿ ಹೋಗುತ್ತದೆ. ಫಿಲ್ಟರು ತೆಗೆದಾಗ ಹೊಗೆ ಗಮನಾರ್ಹವಾಗಿ ಇಳಿದರೆ ಅದೇ ರೋಗನಿದಾನ. ಒಂದು ನಿಮಿಷದ ಪ್ರಯೋಗವಾಗಿ ಧೂಳಿಲ್ಲದ ಜಾಗದಲ್ಲಿ ಮಾಡಿ ನೋಡಿ, ಕೂಡಲೇ ಮರಳಿ ಹಾಕಿ.

ಟರ್ಬೊ ಇರುವ ಲಾರಿಯಾದರೆ ಟರ್ಬೊದಿಂದ ಮ್ಯಾನಿಫೋಲ್ಡಿನವರೆಗಿನ ಹೋಸುಗಳನ್ನೂ ಕ್ಲಿಪ್ಪುಗಳನ್ನೂ ಕೈಯಿಂದ ಮುಟ್ಟಿ ನೋಡಬೇಕು. ಸೀಳಿದ ಹೋಸಿನ ಸುತ್ತ ಸಾಮಾನ್ಯವಾಗಿ ಎಣ್ಣೆಯ ಕರಿ ಇರುತ್ತದೆ, ರೇಸ್ ಕೊಟ್ಟಾಗ ಸುಯ್ ಎನ್ನುವ ಸದ್ದೂ ಬರುತ್ತದೆ.

ಗಾಳಿ ಸರಿಯಿದ್ದೂ ಹೊಗೆ ಹಾಗೆಯೇ ಇದ್ದರೆ ನಾಜಲ್‌ಗಳ ಸರದಿ. ಇಂತಹ ಎಂಜಿನುಗಳಲ್ಲಿ ಡೀಸೆಲ್ ಸುಮಾರು 200 ಬಾರ್‌ನ ಆಸುಪಾಸಿನಲ್ಲಿ, ಅಂದರೆ ನಮ್ಮ ಸುತ್ತಣ ಗಾಳಿಯ ಒತ್ತಡದ ಇನ್ನೂರು ಪಟ್ಟಿನಲ್ಲಿ, ನಾಜಲನ್ನು ತೆರೆದುಕೊಂಡು ಮಂಜಿನಂತೆ ಚಿಮ್ಮಬೇಕು. ನಿಖರವಾದ ಅಂಕಿ ಆಯಾ ಎಂಜಿನಿನ ಕೈಪಿಡಿಯಲ್ಲಿರುತ್ತದೆ. ಸ್ಪ್ರಿಂಗು ಸೋತರೆ ನಾಜಲ್ ಕಡಿಮೆ ಒತ್ತಡದಲ್ಲೇ ತೆರೆಯುತ್ತದೆ, ಮಂಜಿನ ಬದಲು ದಪ್ಪ ಹನಿಗಳು ಬೀಳುತ್ತವೆ. ಹನಿಯ ಹೊರಮೈ ಉರಿದು ಒಳಗಿನದು ಮಸಿಯಾಗುತ್ತದೆ. ಯಾವ ಸಿಲಿಂಡರಿನದು ದೋಷ ಎಂದು ತಿಳಿಯಲು ಎಂಜಿನು ಐಡಲ್‌ನಲ್ಲಿರುವಾಗ ಒಂದೊಂದೇ ನಾಜಲ್ ಪೈಪಿನ ನಟ್ಟನ್ನು ಸಡಿಲಿಸಿ ನೋಡುವುದು ಹಳೆಯ ಕ್ರಮ. ಚೆನ್ನಾಗಿ ದುಡಿಯುವ ಸಿಲಿಂಡರಿನದಾದರೆ ಎಂಜಿನು ತಡವರಿಸುತ್ತದೆ. ಸದ್ದು ಬದಲಾಗದೆ ಹೊಗೆ ಮಾತ್ರ ಇಳಿದರೆ ಅಪರಾಧಿ ಸಿಕ್ಕಂತೆ. ಬಿಚ್ಚಿದ ನಾಜಲನ್ನು ಕೈಪಂಪಿನ ಪರೀಕ್ಷಾ ಯಂತ್ರಕ್ಕೆ ಹಾಕಿದಾಗ ತುದಿ ತೊಟ್ಟಿಕ್ಕಬಾರದು, ಎಲ್ಲ ರಂಧ್ರಗಳಿಂದಲೂ ಸಮನಾಗಿ ಸಿಂಪಡಣೆ ಬರಬೇಕು. ಇಲ್ಲಿ ಹುಡುಗರಿಗೆ ಒಂದು ಎಚ್ಚರಿಕೆ ಹೇಳಲೇಬೇಕು. ಆ ಸಿಂಪಡಣೆಯ ಮುಂದೆ ಎಂದೂ ಕೈ ಒಡ್ಡಬೇಡಿ. ಅದು ಚರ್ಮವನ್ನು ಸೀಳಿ ಮಾಂಸಕ್ಕೆ ಇಳಿಯುತ್ತದೆ. ಗಾಯ ಸೂಜಿಮೊನೆಯಷ್ಟೇ ಕಂಡರೂ ಕೂಡಲೇ ಆಸ್ಪತ್ರೆಗೆ ಓಡಬೇಕು, ಬೆರಳು ಕಳೆದುಕೊಳ್ಳುವ ಅಪಾಯವಿದೆ.

ನಾಜಲ್ ಮರಳಿ ಕೂರಿಸುವಾಗ ಹಳೆಯ ತಾಮ್ರದ ವಾಷರಿನ ಮೇಲೆ ಇನ್ನೊಂದನ್ನು ಹಾಕುವ ಅಭ್ಯಾಸ ಬಿಡಬೇಕು. ಒಂದು ವಾಷರಿನ ದಪ್ಪದಷ್ಟು ನಾಜಲ್ ಮೇಲೆದ್ದರೂ ಸಿಂಪಡಣೆ ಪಿಸ್ಟನ್ನಿನ ಗುಂಡಿಯೊಳಗೆ ಸರಿಯಾದ ಜಾಗಕ್ಕೆ ಬೀಳುವುದಿಲ್ಲ. ಇದೇ ಹೊತ್ತಿಗೆ ಟ್ಯಾಪೆಟ್ ಅಂತರವನ್ನೂ ಪಂಪಿನ ಟೈಮಿಂಗ್ ಗುರುತನ್ನೂ ನೋಡಿಬಿಡಬಹುದು. ಕಪ್ಲಿಂಗ್ ಬೋಲ್ಟು ಸಡಿಲಗೊಂಡು ಗುರುತು ಹಿಂದೆ ಸರಿದಿದ್ದರೆ ಡೀಸೆಲ್ ತಡವಾಗಿ ಒಳಬಂದು, ಉರಿಯಲು ಸಮಯ ಸಾಲದೆ ಹೊಗೆಯಾಗುತ್ತದೆ.

ಇನ್ನು ಪಂಪ್. ಈ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ; ಘಟ್ಟದ ಲಾರಿಗಳ ಕಥೆಯೆಲ್ಲ ಇಲ್ಲಿಯೇ ಇದೆ. ಇದನ್ನು ನಮ್ಮವರು ‘ಮೈಕೋ ಪಂಪ್’ ಎನ್ನುತ್ತಾರೆ. 1951ರಲ್ಲಿ ಆರಂಭವಾದ ಮೈಕೋ ಕಂಪನಿಯ ಬೆಂಗಳೂರಿನ ಆಡುಗೋಡಿ ಕಾರ್ಖಾನೆ ಇಂತಹ ಪಂಪುಗಳಿಗೆ ಹೆಸರಾಗಿತ್ತು. 2008ರಲ್ಲಿ ಕಂಪನಿ ಬಾಷ್ ಎಂದು ಹೆಸರು ಬದಲಿಸಿಕೊಂಡರೂ ಗ್ಯಾರೇಜುಗಳಲ್ಲಿ ಹಳೆಯ ಹೆಸರೇ ಉಳಿದಿದೆ. ಪ್ರತಿ ಸಿಲಿಂಡರಿಗೂ ಒಂದೊಂದು ಎಲಿಮೆಂಟು, ಒಂದೊಂದು ಹೊಡೆತಕ್ಕೂ ಅಳೆದ ಡೀಸೆಲ್. ಗರಿಷ್ಠ ಡೀಸೆಲ್ ಎಷ್ಟು ಹೋಗಬೇಕೆಂಬುದನ್ನು ಒಂದು ಸ್ಕ್ರೂ ನಿರ್ಧರಿಸುತ್ತದೆ, ಅದಕ್ಕೆ ಸೀಲ್ ಇರುತ್ತದೆ. ಸೀಲ್ ಉಳಿದಿರುವ ಹಳೆಯ ಪಂಪನ್ನು ನೀವು ಕೊನೆಯ ಬಾರಿಗೆ ನೋಡಿದ್ದು ಯಾವಾಗ?

ಆ ಸೀಲ್ ಒಡೆಯುವುದು ಬಹುಮಟ್ಟಿಗೆ ಇಲ್ಲಿಯೇ, ಘಟ್ಟದ ಬುಡದಲ್ಲಿ. ಹೇರಬೇಕಾದುದಕ್ಕಿಂತ ಹೆಚ್ಚು ಹೇರಿದ ಲಾರಿ ತಿರುವಿನಲ್ಲಿ ಏದುಸಿರು ಬಿಡುತ್ತದೆ. ಚಾಲಕ ‘ಪಿಕಪ್ ಸಾಲದು’ ಎನ್ನುತ್ತಾನೆ. ಮೆಕ್ಯಾನಿಕ್ ಸ್ಕ್ರೂವನ್ನು ಅರ್ಧ ಸುತ್ತು ತಿರುಗಿಸುತ್ತಾನೆ. ಮೊದಲ ದಿನ ಲಾರಿ ಹಾರಿದಂತೆ ಅನಿಸುತ್ತದೆ. ಆದರೆ ಎಂಜಿನು ಎಳೆದುಕೊಳ್ಳುವ ಗಾಳಿ ಮೊದಲಿನಷ್ಟೇ. ಹೆಚ್ಚಾದ ಡೀಸೆಲಿನ ಒಂದು ಪಾಲು ಶಕ್ತಿಯಾಗುತ್ತದೆ, ಉಳಿದದ್ದು ಹೊಗೆ. ನೀವು ಬಂಕಿನಲ್ಲಿ ಹಣ ಕೊಟ್ಟು ಕೊಂಡ ಡೀಸೆಲ್ ಅದು. ಮಾಲೀಕರು ಈ ಲೆಕ್ಕವನ್ನು ತಾವೇ ಮಾಡಿ ನೋಡಲಿ ಎಂಬುದು ನನ್ನ ಕೋರಿಕೆ. ಸ್ಕ್ರೂ ಏರಿಸುವ ಮೊದಲಿನ ಮೈಲೇಜು, ಏರಿಸಿದ ಮೇಲಿನ ಮೈಲೇಜು, ಎರಡನ್ನೂ ಬರೆದಿಡಿ. ಪರಿಸರದವರ ಮಾತು ಬೇಡ, ನಿಮ್ಮದೇ ಡೈರಿಯ ಮಾತು ಕೇಳಿ.

ಪರೀಕ್ಷೆಯ ದಿನ ಆ ಸ್ಕ್ರೂವನ್ನು ಇಳಿಸಿ, ಚೀಟಿ ಪಡೆದು, ಸಂಜೆ ಮತ್ತೆ ಏರಿಸುವ ಪದ್ಧತಿ ಇಲ್ಲಿರುವ ಯಾರಿಗೂ ಹೊಸದಲ್ಲ. ಆಕ್ಸಿಲರೇಟರನ್ನು ಅರ್ಧ ಒತ್ತಿ ಪಾಸು ಮಾಡಿಸುವುದು, ಸೈಲೆನ್ಸರಿಗೆ ತೂತು ಕೊರೆದು ಹೊಗೆ ಯಂತ್ರಕ್ಕೆ ತಲುಪದಂತೆ ಮಾಡುವುದು, ಡೀಸೆಲಿಗೆ ಸೀಮೆಎಣ್ಣೆ ಬೆರೆಸುವುದು, ಇವೂ ಉಂಟು. ಸೀಮೆಎಣ್ಣೆ ಬೆರೆತಾಗ ಹೊಗೆ ತೆಳುವಾದಂತೆ ಕಾಣಲೂಬಹುದು. ಆದರೆ ಪಂಪಿನ ಎಲಿಮೆಂಟುಗಳಿಗೆ ಡೀಸೆಲೇ ಜಾರುಎಣ್ಣೆ, ಸೀಮೆಎಣ್ಣೆಗೆ ಆ ಗುಣ ಕಡಿಮೆ. ಸವೆದ ಎಲಿಮೆಂಟು ಮುಂದೆ ಒಂದು ಸಿಲಿಂಡರಿಗೆ ಹೆಚ್ಚು, ಇನ್ನೊಂದಕ್ಕೆ ಕಡಿಮೆ ಡೀಸೆಲ್ ಕೊಡುತ್ತದೆ. ಪಂಪಿನ ಮೇಲೆ ಅನುಮಾನ ಬಂದರೆ ಮಾರ್ಗ ಒಂದೇ. ಅದನ್ನು ಬಿಚ್ಚಿ ಕ್ಯಾಲಿಬ್ರೇಷನ್ ಬೆಂಚಿಗೆ ಒಯ್ದು, ತಯಾರಕರ ಪಟ್ಟಿಯಂತೆ ಪ್ರತಿ ಎಲಿಮೆಂಟಿನ ಡೀಸೆಲನ್ನು ಗಾಜಿನ ನಳಿಕೆಗಳಲ್ಲಿ ಅಳೆದು ಸರಿಗೊಳಿಸಿ, ಸೀಲ್ ಹಾಕಿಸಬೇಕು. ಕಿವಿಯಿಂದ ಕೇಳಿ ಪಂಪ್ ಸರಿಮಾಡುತ್ತೇನೆಂಬ ಉಸ್ತಾದರ ಕೈಚಳಕದ ಬಗ್ಗೆ ಗೌರವವಿದೆ. ಆದರೂ ಈ ಕೆಲಸ ಕಿವಿಯಿಂದ ಆಗುವುದಲ್ಲ.

ಇಷ್ಟಾದರೂ ಅಂಕಿ ಇಳಿಯದಿದ್ದರೆ ಕಂಪ್ರೆಷನ್ ನೋಡಬೇಕು. ಬ್ರೀದರ್ ಪೈಪಿನಿಂದ ಹೊಗೆ ದೂಡಿಕೊಂಡು ಬರುವುದು, ಬೆಳಿಗ್ಗೆ ಸ್ಟಾರ್ಟ್ ಆಗಲು ಹಟ ಹಿಡಿಯುವುದು, ಆಯಿಲ್ ಪದೇ ಪದೇ ಕಡಿಮೆಯಾಗುವುದು ಇದರ ಗುರುತು. ಇದು ದೊಡ್ಡ ಖರ್ಚು. ಲಾರಿಯ ಬೆಲೆಗೂ ಕೆಲಸದ ವೆಚ್ಚಕ್ಕೂ ತಾಳೆ ಹಾಕಿ, ಕೆಲವೊಮ್ಮೆ ಲಾರಿಯನ್ನು ಗುಜರಿಗೆ ಕಳಿಸುವುದೇ ಸರಿ ಎಂದು ಹೇಳಬೇಕಾಗುತ್ತದೆ. ಆದರೆ ಆ ಮಾತು ಕೊನೆಗೆ ಬರಬೇಕು. ಒಂದು ಫಿಲ್ಟರು, ಎರಡು ನಾಜಲ್‌ಗಳಿಂದ ಸರಿಹೋಗುತ್ತಿದ್ದ ಲಾರಿಗೆ ಆ ತೀರ್ಪು ಕೊಟ್ಟರೆ ಅದು ಅನ್ಯಾಯ.

ಇಲ್ಲಿಯವರೆಗಿನ ಮಾತು ಹೆಚ್ಚಾಗಿ ಲಾರಿಯವರಿಗೆ ಹೇಳಿದ್ದು. ಇನ್ನು ನಮ್ಮ ಬಳಗದವರಿಗೆ. ಈ ಪರೀಕ್ಷೆಯ ಮಿತಿಯನ್ನು ನಾವು ಅರಿಯಬೇಕು. ಅದು ನಡೆಯುವುದು ನಿಂತ ಲಾರಿಯ ಮೇಲೆ, ಹೊರೆಯಿಲ್ಲದೆ. ಚೀಟಿಯಲ್ಲಿ 60 ಪಡೆದ ಲಾರಿಯೂ ಮಿತಿಮೀರಿ ಹೇರಿಕೊಂಡು ಮೇಲಿನ ಗೇರಿನಲ್ಲೇ ಏರಲು ಹೆಣಗಿದರೆ ಕರಿಹೊಗೆ ಬಿಡುತ್ತದೆ. ಸಕಾಲದಲ್ಲಿ ಗೇರು ಇಳಿಸುವ ಚಾಲಕನ ಕೈಯಲ್ಲಿ ಅದೇ ಲಾರಿ ಅಷ್ಟು ಹೊಗೆಯಾಡುವುದಿಲ್ಲ. ಎತ್ತರವೂ ಒಂದು ಕಾರಣ. ಸಮುದ್ರಮಟ್ಟದಿಂದ ಸಾವಿರ ಮೀಟರ್ ಮೇಲೇರಿದರೆ ಗಾಳಿ ನೂರಕ್ಕೆ ಸುಮಾರು ಒಂಬತ್ತರಷ್ಟು ತೆಳುವಾಗುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ, ಟರ್ಬೊ ಇಲ್ಲದ ಎಂಜಿನು ಮಡಿಕೇರಿಗೆ ಬರುವಷ್ಟರಲ್ಲಿ ಅಷ್ಟು ಗಾಳಿ ಕಳೆದುಕೊಂಡಿರುತ್ತದೆ, ಪಂಪ್ ಮಾತ್ರ ಡೀಸೆಲನ್ನು ಮೊದಲಿನಷ್ಟೇ ಕೊಡುತ್ತಿರುತ್ತದೆ. ಇನ್ನೊಂದು ವಿಷಯ, ಈ ಯಂತ್ರ ಮಸಿಯನ್ನು ಮಾತ್ರ ಕಾಣುತ್ತದೆ. ನೈಟ್ರೋಜನ್ ಆಕ್ಸೈಡುಗಳು ಅದರ ಕಣ್ಣಿಗೆ ಬೀಳುವುದಿಲ್ಲ. ಟೈಮಿಂಗನ್ನು ಮುಂದಕ್ಕೆ ತಂದು ಹೊಗೆ ಇಳಿಸಿದರೆ ಅವು ಹೆಚ್ಚುತ್ತವೆ. ಆದ್ದರಿಂದ ಟೈಮಿಂಗ್ ಗುರುತಿನಲ್ಲಿ ನಿಲ್ಲಬೇಕು, ಚೀಟಿಗಾಗಿ ಅದನ್ನು ಸರಿಸಬಾರದು.

ಹಾಗಾದರೆ ಹಳೆಯ ಲಾರಿಗಳನ್ನೆಲ್ಲ ವಯಸ್ಸಿನ ಲೆಕ್ಕದಲ್ಲಿ ನಿಲ್ಲಿಸಿಬಿಡೋಣವೇ? ದೆಹಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ವಾಹನಗಳು ಓಡಬಾರದೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ಆದೇಶಿಸಿತು. ಬಿ.ಎಸ್.-6 ಲಾರಿಯ ಮುಂದೆ ಹಳೆಯ ಎಂಜಿನು ಎಷ್ಟು ಸುಸ್ಥಿತಿಯಲ್ಲಿದ್ದರೂ ಹೆಚ್ಚು ಮಲಿನವೇ, ಅದರಲ್ಲಿ ವಾದವಿಲ್ಲ. ಆದರೆ ಅಡಿಕೆ, ಮರಳು, ಗೊಬ್ಬರ ಸಾಗಿಸುವ ಒಂದೇ ಲಾರಿಯ ಮಾಲೀಕ ನಾಳೆ ಬೆಳಿಗ್ಗೆ ಹೊಸ ಲಾರಿ ಕೊಳ್ಳಲಾರ. ನಾವು ಗದ್ದಲ ಮಾಡಿದರೆ ಅವನು ಲಾರಿ ನಿಲ್ಲಿಸುವುದಿಲ್ಲ, ಚೀಟಿ ಕೊಳ್ಳುತ್ತಾನೆ. ವಾಹನವನ್ನು ನೋಡದೆಯೇ ಚೀಟಿ ಕೊಡುವ ಕೇಂದ್ರವೊಂದನ್ನು ನಾನೇ ಕಂಡಿದ್ದೇನೆ. ಅಂತಹ ಚೀಟಿಯಿಂದ ಗಾಳಿಯೂ ಶುದ್ಧವಾಗುವುದಿಲ್ಲ, ಲಾರಿಯೂ ಸರಿಹೋಗುವುದಿಲ್ಲ.

ಆದ್ದರಿಂದ ನಮ್ಮ ಮುಂದಿನ ಮನವಿಯಲ್ಲಿ ‘ಲಾರಿ ನಿಲ್ಲಿಸಿ’ ಎಂಬುದರ ಬದಲು ಬೇರೆ ಮಾತುಗಳಿರಲಿ ಎಂಬುದು ನನ್ನ ಸಲಹೆ. ಘಟ್ಟದ ಬುಡದ ತನಿಖಾ ಠಾಣೆಗಳಲ್ಲಿ ಹೊಗೆಮಾಪಕ ಇರಲಿ, ಹೊರೆ ತೂಗುವ ಕಾಟಾ ಅದರ ಪಕ್ಕದಲ್ಲೇ ಇರಲಿ. ಸೋತ ಲಾರಿಗೆ ದುರಸ್ತಿಗೆಂದು ಕೆಲವು ದಿನಗಳ ಕಾಲಾವಕಾಶ ಕೊಟ್ಟು, ಮರುಪರೀಕ್ಷೆ ಕಡ್ಡಾಯವಾಗಲಿ. ಪಂಪ್ ಕ್ಯಾಲಿಬ್ರೇಷನ್ ಮಾಡಿಸಲು ಎರಡು ದಿನದ ಬಾಡಿಗೆ ಬಿಟ್ಟು ದೂರದ ಪಟ್ಟಣಕ್ಕೆ ಹೋಗಬೇಕಾದ ಸ್ಥಿತಿ ನಮ್ಮ ಅನೇಕ ಊರುಗಳದು. ಸಹಕಾರ ಸಂಘವೊಂದು ಇಂತಹ ಬೆಂಚನ್ನು ಇಲ್ಲಿಗೆ ತರಲು ಸಾಧ್ಯವೇ ಎಂಬುದನ್ನು ಅಡಿಕೆ ಬೆಳೆಗಾರರೂ ಲಾರಿ ಮಾಲೀಕರೂ ಕೂತು ಚರ್ಚಿಸಬೇಕು. ಹೊರೆಯ ವಿಷಯದಲ್ಲಿ ಬೆಳೆಗಾರರಿಗೂ ಪಾಲಿದೆ. ಒಂದು ಟ್ರಿಪ್ಪಿನಲ್ಲಿ ಮುಗಿಸಿಕೊಡಿ ಎಂದು ಒತ್ತಾಯಿಸುವವರು ನಾವೇ ಅಲ್ಲವೇ?

ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು 2012ರ ಜೂನ್‌ನಲ್ಲಿ ಡೀಸೆಲ್ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವುದೆಂದು ಖಚಿತವಾದ ವಸ್ತುಗಳ ಪಟ್ಟಿಗೆ ಸೇರಿಸಿತು. ರಸ್ತೆಬದಿಯ ಶಾಲೆಯ ಮಕ್ಕಳನ್ನು ನೆನೆದು ನಾವು ಮನವಿ ಬರೆದೆವು, ಅದು ಸರಿಯೇ. ಆದರೆ ಆ ಹೊಗೆಯನ್ನು ಎಲ್ಲರಿಗಿಂತ ಹತ್ತಿರದಿಂದ, ಎಲ್ಲರಿಗಿಂತ ಹೆಚ್ಚು ಹೊತ್ತು ಉಸಿರಾಡುವವರು ಚಾಲಕ, ಕ್ಲೀನರ್ ಹಾಗೂ ಬಾಗಿಲು ಮುಚ್ಚಿದ ಗ್ಯಾರೇಜಿನಲ್ಲಿ ರೇಸ್ ಕೊಟ್ಟು ಕೆಲಸ ಮಾಡುವ ಹುಡುಗರು. ಪರೀಕ್ಷಾರ್ಥ ರೇಸ್ ಕೊಡುವಾಗ ಲಾರಿಯನ್ನು ಬಯಲಿಗೆ ತನ್ನಿ, ಸೈಲೆನ್ಸರಿನ ಬಾಯಿಗೆ ಗಾಳಿ ಎದುರಾಗದಂತೆ ನಿಲ್ಲಿಸಿ.

ಪ್ರಶ್ನೆಗಳನ್ನು ಇಲ್ಲಿ ಕೂತು ಕೇಳುವುದಕ್ಕಿಂತ ಹೊರಗೆ ಕೇಳುವುದು ಲೇಸು. ಅಂಗಳದಲ್ಲಿ ಎರಡು ಲಾರಿಗಳಿವೆ, ಬಾಡಿಗೆ ಹೊರೆ ಎರಡರಲ್ಲೂ ಇಲ್ಲ. ಒಂದರ ಏರ್ ಫಿಲ್ಟರು ಬಿಚ್ಚಲು ಅನುಕೂಲವಾಗುವಂತೆ ನಿಲ್ಲಿಸಿದ್ದಾರೆ, ಇನ್ನೊಂದರ ಎಂಜಿನು ಬಿಸಿಯಾಗಿದೆ. ಅದು ಆರುವುದರೊಳಗೆ ಹೋಗೋಣ.